ಹಳೇ ಓ-ರಿಂಗ್ ಹೇಳುವ ಅಳತೆಯನ್ನು ನಂಬಬಹುದೇ?

ಪ್ರಶ್ನೆ: ನೀರಿನ ಫಿಲ್ಟರ್‌ನ ಮುಚ್ಚಳ ಲೀಕ್ ಆಗುತ್ತಿತ್ತು. ಬಿಚ್ಚಿ ನೋಡಿದರೆ ನೀರು ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಚಪ್ಪಟೆಯಾಗಿತ್ತು. ದಪ್ಪ ಒಂದು ದಿಕ್ಕಿಗೆ 3.1 ಮಿ.ಮೀ., ಇನ್ನೊಂದು ದಿಕ್ಕಿಗೆ 3.9. ಹೊರ ವ್ಯಾಸ 57 ಇರುವ, 3 ಮಿ.ಮೀ. ದಪ್ಪದ ಹೊಸ ರಿಂಗ್ ಹಾಕಿದೆ. ರಿಂಗ್ ಕೂರುವ ಗ್ರೂವ್‌ನಲ್ಲಿ (ತೋಡಿನಲ್ಲಿ) ಚೆನ್ನಾಗಿಯೇ ಕೂತಿದೆ, ಆದರೂ ನೀರು ತೊಟ್ಟಿಕ್ಕುತ್ತದೆ. ಗ್ರೂವ್‌ನ ಆಳ 2.8, ಹೊರ ಗೋಡೆಯ ವ್ಯಾಸ 57.5. ಯಾವ ಸೈಜ್ ತರಬೇಕು?

ಉತ್ತರ: ಗ್ರೂವ್‌ನ ಅಳತೆಯನ್ನೂ ಬರೆದು ಕಳಿಸಿದ್ದೀರಿ, ತುಂಬಾ ಒಳ್ಳೆಯದಾಯಿತು. ಪಂಪು, ಫಿಲ್ಟರ್‌ಗಳ ಸೀಲ್ ಬದಲಿಸುವ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಅದನ್ನೇ. ವರ್ಷಗಟ್ಟಲೆ ಒತ್ತಿಸಿಕೊಂಡ ರಬ್ಬರ್ ಚಪ್ಪಟೆಯಾಗುತ್ತದೆ, ಹಿಗ್ಗುತ್ತದೆ, ಕೆಲವೊಮ್ಮೆ ಊದಿಕೊಳ್ಳುತ್ತದೆ. ಗ್ರೂವ್ ಹಾಗೆ ಬದಲಾಗುವುದಿಲ್ಲ.

ನಿಮ್ಮ ಹೊಸ ರಿಂಗ್ ತೆಳ್ಳಗಾಯಿತು, ಅಷ್ಟೇ. ಓ-ರಿಂಗ್ ನೀರು ತಡೆಯುವುದು ಅದು ಒತ್ತಿಸಿಕೊಂಡಾಗ. ಹೀಗೆ ಅಲುಗಾಡದ ಜಾಗದಲ್ಲಿ ದಪ್ಪದ ಸುಮಾರು 15ರಿಂದ 30 ಶೇಕಡಾ ಒತ್ತಬೇಕು. 3 ಮಿ.ಮೀ. ರಿಂಗ್ 2.8ರ ಆಳದಲ್ಲಿ ಕೂತರೆ ಒತ್ತುವುದು ಬರೀ 0.2, ಅಂದರೆ 7 ಶೇಕಡಾ ಕೂಡ ಇಲ್ಲ. ಕೈಗೆ ಸರಿಯಾಗಿ ಕೂತಂತೆ ಕಂಡರೂ ಸೋರುವುದು ಇದಕ್ಕೇ.

3.1 ಮತ್ತು 3.9 ಎರಡೂ ಒಂದೇ ರಬ್ಬರಿನ ಅಳತೆ ಅಲ್ವಾ? ಒಂದು ಕಡೆ ತಗ್ಗಿದ್ದು ಇನ್ನೊಂದು ಕಡೆ ಉಬ್ಬಿದೆ. ನಡುವಿನ ಲೆಕ್ಕ ಹಿಡಿದರೆ 3.5. ಓ-ರಿಂಗ್ ಸೈಜ್‌ಗಳ ಇಂಚಿನ ಲೆಕ್ಕದ ಎಎಸ್568 ಪಟ್ಟಿಯಲ್ಲಿ ಮುಖ್ಯ ದಪ್ಪಗಳು ಐದು, ಮಿ.ಮೀ.ನಲ್ಲಿ ಹೇಳಿದರೆ: 1.78, 2.62, 3.53, 5.33, 6.99. ನಿಮ್ಮದು 3.53. ಅದು 2.8ಕ್ಕೆ ಇಳಿದರೆ ಸುಮಾರು 21 ಶೇಕಡಾ ಒತ್ತುತ್ತದೆ. ಸರಿಯಾಯಿತು.

ಇನ್ನು ಒಳ ವ್ಯಾಸ. ನೀರಿನ ಒತ್ತಡ ಒಳಗಿನಿಂದ ರಿಂಗನ್ನು ಹೊರಕ್ಕೆ ತಳ್ಳುತ್ತದೆ, ಹಾಗಾಗಿ ಅದು ಹೊರ ಗೋಡೆಗೆ ತಾಗಿ ಕೂರಬೇಕು. 57.5ರಿಂದ ದಪ್ಪವನ್ನು ಎರಡು ಸಲ ಕಳೆಯಿರಿ, 50.4 ಬರುತ್ತದೆ. ಪಟ್ಟಿಯ 226ನೇ ನಂಬರ್ ರಿಂಗಿನ ಒಳ ವ್ಯಾಸ 50.39. ಅದನ್ನೇ ಕೇಳಿ. ಅಕ್ಕಪಕ್ಕದ ನಂಬರ್‌ಗಳು ಮೂರು ಮಿ.ಮೀ.ಗೂ ಜಾಸ್ತಿ ದೂರ ಇವೆ, ಗೊಂದಲ ಆಗುವುದಿಲ್ಲ.

ಲೆಕ್ಕ ತಾಳೆ ನೋಡಬೇಕಾ? ಹಳೇ ರಿಂಗನ್ನು ಕತ್ತರಿಸಿ, ಎಳೆಯದೆ ನೇರ ಮಾಡಿ ಉದ್ದ ಅಳೆಯಿರಿ. 3.14ರಿಂದ ಭಾಗಿಸಿ, ದಪ್ಪವನ್ನು ಒಂದು ಸಲ ಕಳೆಯಿರಿ. ಉದ್ದ 170 ಬಂದರೆ ಒಳ ವ್ಯಾಸ 50.6 ಆಗುತ್ತದೆ. ಹಳೆಯದು ಕೊಂಚ ಹಿಗ್ಗಿರುವುದು ಸಹಜ. ದೊಡ್ಡ ರಿಂಗುಗಳಿಗೆ ನನಗೆ ಈ ದಾರಿಯೇ ಇಷ್ಟ, ಏಕೆಂದರೆ ಮೆತ್ತಗಿನ ರಿಂಗನ್ನು ವರ್ನಿಯರ್‌ನಲ್ಲಿ ಹಿಡಿದರೆ ಮೊಟ್ಟೆಯಂತೆ ಅಂಡಾಕಾರ ಆಗಿಬಿಡುತ್ತದೆ. ದಪ್ಪ ನೋಡುವಾಗಲೂ ವರ್ನಿಯರ್ ಬಾಯಿ ರಬ್ಬರಿಗೆ ಸುಮ್ನೆ ತಾಗಿದರೆ ಸಾಕು, ಅದುಮಬೇಡಿ.

ರಬ್ಬರ್ ಯಾವುದು ಎಂಬುದನ್ನೂ ಕೇಳಿ ತನ್ನಿ. ತಣ್ಣೀರಿಗೆ ನೈಟ್ರೈಲ್ ನಡೆಯುತ್ತದೆ, ಬಿಸಿನೀರಿಗೆ ಇಪಿಡಿಎಂ ಒಳ್ಳೆಯದು. ಕುಡಿಯುವ ನೀರಾದರೆ ಅದಕ್ಕೆಂದೇ ಒಪ್ಪಿಗೆ ಪಡೆದದ್ದು ಬೇಕು. ಇಪಿಡಿಎಂಗೆ ಮಾತ್ರ ಪೆಟ್ರೋಲಿಯಂ ಗ್ರೀಸ್ ಅಥವಾ ವ್ಯಾಸಲೀನ್ ಸವರಬೇಡಿ, ಊದಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ ಮುಚ್ಚಳ ಬಿಗಿಯಿರಿ.