ಬಾರ್ ಪಕ್ಕದ ಮನೆಗೆ ಕ್ಯಾಮೆರಾ ಇರುವ ಕಾಲಿಂಗ್ ಬೆಲ್ ಹಾಕಿಸಿದರೆ ಉಪಯೋಗ ಉಂಟಾ?

ಪ್ರಶ್ನೆ ಕೇಳಿದವರು ಉಡುಪಿಯವರು. ಹೆದ್ದಾರಿ ಬದಿಯಲ್ಲಿ ಮನೆ, ಎದುರಿಗೇ ಬಾರ್, ದಿನಾ ರಾತ್ರಿ ಗಲಾಟೆ. ಕ್ಯಾಮೆರಾ ಇರುವ ಹೊಸ ನಮೂನೆಯ ಬೆಲ್ ಹಾಕಿಸಲಾ, ಬಾರ್ ಎಷ್ಟು ಗಂಟೆಯವರೆಗೆ ತೆರೆದಿರಬಹುದು, ಹೆದ್ದಾರಿ ಪಕ್ಕ ಬಾರ್ ಇರಲೇಬಾರದು ಎಂದು ಕೋರ್ಟ್ ಹೇಳಿತ್ತಲ್ವಾ ಎಂದೆಲ್ಲ ಕೇಳಿದ್ದಾರೆ.

ನಾನು ಮಂಗಳೂರಿನವನು. ನಮ್ಮ ಕಾಂಪೌಂಡಿಗೂ ಒಂದು ಬಾರ್ ಆ್ಯಂಡ್ ರೆಸ್ಟೋರೆಂಟಿಗೂ ನಡುವೆ ಒಂದು ಆಟೋ ಹೋಗುವಷ್ಟು ಓಣಿ ಮಾತ್ರ. ಅಂಥ ಬೆಲ್ ಹಾಕಿಸಿ ಒಂದೂವರೆ ವರ್ಷ ಆಯಿತು. ಹಾಗಾಗಿ ಎರಡೂ ವಿಷಯದಲ್ಲಿ ಬೇಕಾದಷ್ಟು ಮಂಡೆಬಿಸಿ ಮಾಡಿಕೊಂಡಿದ್ದೇನೆ.

ಬೆಲ್ ಕಳಿಸಿದ್ದು ಬೆಂಗಳೂರಿನಲ್ಲಿರುವ ಅಕ್ಕನ ಮಗ. "ಮಾಮ, ಹತ್ತು ನಿಮಿಷದ ಕೆಲಸ" ಎಂದಿದ್ದ. ನನಗೆ ಎರಡು ಭಾನುವಾರ ಹಿಡಿಯಿತು. ಬೆಲ್ಲಿಗೆ ಆ್ಯಪ್ ಬೇಕು, ಆ್ಯಪ್‌ಗೆ ಇಮೇಲ್ ಬೇಕು, ಇಮೇಲ್‌ಗೆ ಒಟಿಪಿ ಬೇಕು. ಅಷ್ಟೆಲ್ಲ ಆದ ಮೇಲೆ ಬೆಲ್ ವೈಫೈಗೆ ಸೇರಲೇ ಇಲ್ಲ. ಕೆಂಪು ದೀಪ ಮಿಣುಕುತ್ತಾ ಕೂತಿತು. ಕೊನೆಗೆ ಕೇಬಲ್ ಹುಡುಗ ಬಂದು ನೋಡಿದ. "ಅಣ್ಣ, ಇದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ನಿಮ್ಮ ಫೋನ್ 5ರಲ್ಲಿ ಉಂಟು" ಎಂದ. ರೌಟರ್ ವೈಫೈಯನ್ನು 2.4, 5 ಎಂಬ ಎರಡು ಬಗೆಯ ಅಲೆಗಳಲ್ಲಿ ಬಿಡುತ್ತದೆ, ನಮ್ಮದರಲ್ಲಿ ಎರಡಕ್ಕೂ ಒಂದೇ ಹೆಸರು ಇತ್ತು. ಬೇರೆ ಬೇರೆ ಹೆಸರು ಕೊಟ್ಟು, ಫೋನನ್ನು 2.4ಕ್ಕೆ ಹಾಕಿದ ಕೂಡಲೇ ಸೇರಿತು. ಇಂಥ ಹೆಚ್ಚಿನ ಸಾಮಾನುಗಳ ಕಥೆ ಇದೇ. ಡಬ್ಬದ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತಾರೆ, ಯಾರು ಓದುತ್ತಾರೆ? ಮತ್ತೆ ನಮ್ಮ ಕಡೆಯ ಹಳೆ ಮನೆಗಳ ಗೋಡೆ ಮುರಕಲ್ಲಿನದ್ದು. ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸುಸ್ತಾಗುತ್ತದೆ. 2.4 ಹೇಗೋ ಏದುಸಿರು ಬಿಡುತ್ತಾ ಗೇಟಿನವರೆಗೆ ಬರುತ್ತದೆ.

ಆಮೇಲೆ ಶುರುವಾಯಿತು ನೋಡಿ ಕಾಟ. ಬೆಲ್ ಎದುರು ಏನು ಅಲ್ಲಾಡಿದರೂ ಫೋನ್ ಕಿಣಿಕಿಣಿ. ತೆಂಗಿನ ಗರಿ ಅಲ್ಲಾಡಿದರೆ ಕಿಣಿಕಿಣಿ. ಬೆಕ್ಕು ಬಂದರೆ ಕಿಣಿಕಿಣಿ. ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಕೆಲವು ಹಿಂದಿನ ಚಿತ್ರ, ಈಗಿನ ಚಿತ್ರ ಹೋಲಿಸಿ ನೋಡುತ್ತವೆ, ಅಷ್ಟೇ. ನೆರಳು ಸರಿದರೂ ಅವಕ್ಕೆ ಕಳ್ಳ ಬಂದ ಹಾಗೆ. ಮೈಯ ಬಿಸಿ ಗುರುತಿಸುವ ಪಿಐಆರ್ ಸೆನ್ಸರ್ ಇದ್ದರೆ ಈ ರಗಳೆ ಎಷ್ಟೋ ಕಡಿಮೆ. ನನ್ನದರಲ್ಲಿ ಅದು ಇರಲಿಲ್ಲ.

ಮೊದಲ ಮಳೆ ಬಿದ್ದ ರಾತ್ರಿ ಇನ್ನೊಂದು ತಮಾಷೆ. ಕ್ಯಾಮೆರಾದ ದೀಪಕ್ಕೆ ಮಳೆಹುಳು ಮುತ್ತಿದವು. ಹುಳು ತಿನ್ನಲು ಹಲ್ಲಿ ಬಂದು ಸೀದಾ ಲೆನ್ಸಿನ ಮೇಲೆ ಕೂತಿತು. ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ "ಪರ್ಸನ್ ಡಿಟೆಕ್ಟೆಡ್". ಗಾಬರಿಯಿಂದ ತೆರೆದು ನೋಡಿದರೆ ಹಲ್ಲಿಯ ಹೊಟ್ಟೆ, ಇಡೀ ಪರದೆ ತುಂಬ.

ಇನ್ನು ಸಿಡಿಲು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ತಕ್ಷಣ ಎಲ್ಲ ಪ್ಲಗ್ ಕಿತ್ತು ಹಾಕುವುದು ನಮ್ಮ ಕಡೆಯ ಅಭ್ಯಾಸ, ನಿಮಗೂ ಗೊತ್ತಲ್ಲ. ಅಮ್ಮ ಮೊದಲು ಕೀಳುವುದೇ ರೌಟರಿನದ್ದು. ಅಲ್ಲಿಗೆ ಬೆಲ್ ಕುರುಡು. ಗುಡುಗು ಹೋದ ಮೇಲೆ ಪ್ಲಗ್ ಹಾಕಿದರೂ ಅದು ತಾನಾಗಿ ಸೇರುವುದಿಲ್ಲ, ಸಿಟ್ಟು ಮಾಡಿಕೊಂಡ ಅಳಿಯನ ಹಾಗೆ. ಮತ್ತೆ ನಾನೇ ಸ್ಟೂಲ್ ಹತ್ತಬೇಕು. "ಹಳೆ ಬೆಲ್ಲಿಗೆ ಎಂತ ಆಗಿತ್ತು ಮಗಾ?" ಎಂದು ಅಮ್ಮ ಪ್ರತಿ ಸಲ ಕೇಳುತ್ತಾರೆ. ಉತ್ತರ ಇಲ್ಲ.

ಇಷ್ಟಾದರೂ ಅದನ್ನು ಕಿತ್ತು ಬಿಸಾಡದೆ ಇರಲು ಕಾರಣ ಬಾರ್. ಅದಕ್ಕೆ ಬರುವ ಮೊದಲು ಕಾನೂನಿನ ಭಾಗ ಹೇಳಿಬಿಡುತ್ತೇನೆ.

ನಿಮ್ಮ ಎದುರಿಗಿರುವುದು ನಿಜವಾಗಿ ಯಾವುದು ಎಂದು ಮೊದಲು ನೋಡಿ. ನಾವೆಲ್ಲ ಬಾರ್ ಎಂದು ಒಂದೇ ಮಾತಿನಲ್ಲಿ ಹೇಳುತ್ತೇವೆ, ಅಬಕಾರಿ ಇಲಾಖೆಗೆ ಅದು ಬೇರೆ ಬೇರೆ. ಅವರು ಲೈಸೆನ್ಸಿಗೆ ಸನ್ನದು ಎನ್ನುತ್ತಾರೆ. ಸಿಎಲ್-2 ಎಂದರೆ ವೈನ್ ಶಾಪ್. ಬಾಟ್ಲಿ ಕೊಂಡು ಹೋಗಬೇಕು, ಅಲ್ಲಿ ನಿಂತು ಕುಡಿಯುವ ಹಾಗಿಲ್ಲ. ಸಿಎಲ್-9 ಎಂದರೆ ಬಾರ್ ಆ್ಯಂಡ್ ರೆಸ್ಟೋರೆಂಟ್, ಕೂತು ಕುಡಿಯುವ ಜಾಗ. ಸಿಎಲ್-7 ಎಂದರೆ ಕೋಣೆಗಳಿರುವ ಲಾಡ್ಜ್, ಹೋಟೆಲಿನದ್ದು. ವೈನ್ ಶಾಪ್ ರಾತ್ರಿ ಹತ್ತೂವರೆಗೆ ಮುಚ್ಚಬೇಕು. ಸಿಎಲ್-9ಕ್ಕೆ ನಮ್ಮ ಕಡೆ ಹನ್ನೊಂದೂವರೆ. ಬೆಂಗಳೂರಿನಲ್ಲಿ ಒಂದು ಗಂಟೆಯವರೆಗೆ ಉಂಟು. 2024ರ ಫೆಬ್ರವರಿಯ ಬಜೆಟ್ಟಿನಲ್ಲಿ ಬೆಂಗಳೂರಿನ ಜೊತೆ ಇನ್ನೂ ಹತ್ತು ಮಹಾನಗರ ಪಾಲಿಕೆಗಳಲ್ಲಿ ರಾತ್ರಿ ಒಂದರವರೆಗೆ ವ್ಯಾಪಾರಕ್ಕೆ ಬಿಡುತ್ತೇವೆ ಎಂದು ಹೇಳಿದ್ದರು. ಆಗ ನಮ್ಮ ಓಣಿಯಲ್ಲಿ ನನಗೊಬ್ಬನಿಗೇ ಎದೆ ಧಸಕ್ ಎಂದದ್ದು ಅಂತ ಕಾಣುತ್ತದೆ.

ಹೆದ್ದಾರಿ ವಿಷಯದಲ್ಲಿ ನಿಮ್ಮ ನೆನಪು ಸರಿ, ಅರ್ಧ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದು ಹೇಳಿತು. ಚಿಕ್ಕ ಊರುಗಳಿಗೆ ಅದು 220 ಮೀಟರ್ ಆಯಿತು. ನಮ್ಮ ರಾಜ್ಯದಲ್ಲಿ ಸನ್ನದಿನ ವರ್ಷ ಮುಗಿಯುವುದು ಜೂನ್ 30ಕ್ಕೆ, ಹಾಗಾಗಿ 2017ರ ಜೂನ್‌ವರೆಗೆ ಉಸಿರಾಡಲು ಜಾಗ ಸಿಕ್ಕಿತು. ಉಡುಪಿಯ ಹೊಟ್ಟೆಯ ಮೇಲೇ ಹೆದ್ದಾರಿ 66 ಹಾದುಹೋಗುವಾಗ ಆ ಲೆಕ್ಕ ಹಿಡಿದರೆ ಎಷ್ಟು ಉಳಿದೀತು ಹೇಳಿ. ಕೇರಳದಲ್ಲಿ ಒಂದು ಬಾರಿನವರು ನಡೆದು ಹೋಗುವ ದೂರ ಹೆಚ್ಚಾಗಲಿ ಎಂದು ಬಾಗಿಲಿನ ಮುಂದೆ ಸುತ್ತಿ ಬಳಸಿ ಹೋಗುವ ಚಕ್ರವ್ಯೂಹವನ್ನೇ ಕಟ್ಟಿದ್ದರು! ಆದರೆ 2017ರ ಜುಲೈಯಲ್ಲಿ ಕೋರ್ಟೇ ಈ ಆದೇಶ ಪುರಸಭೆ, ನಗರಸಭೆಗಳ ಒಳಗಿನ ಸನ್ನದುಗಳಿಗೆ ತಡೆ ಅಲ್ಲ ಎಂದು ಸ್ಪಷ್ಟ ಮಾಡಿತು. ನಿಮ್ಮ ಮನೆ ನಗರಸಭೆಯ ಒಳಗೆ ಇದ್ದರೆ ಈ ದಾರಿ ಬಿಟ್ಟುಬಿಡಿ.

"ಇಲ್ಲಿಂದ ಎತ್ತಿಸಿಬಿಡೋಣ" ಎಂಬ ಆಸೆಯೂ ಬೇಡ. 1992ರಿಂದ ಸರ್ಕಾರ ಹೊಸ ಸಿಎಲ್-2, ಸಿಎಲ್-9 ಕೊಡುವುದನ್ನೇ ನಿಲ್ಲಿಸಿತು. ಇದ್ದ ಸನ್ನದುಗಳೇ ಕೈಯಿಂದ ಕೈಗೆ ಹೋಗುತ್ತಾ ಬಂದವು, ಚಿನ್ನದ ಬೆಲೆಗೆ. ಅಷ್ಟು ದುಡ್ಡು ಹಾಕಿದವರು ನನ್ನ ನಿಮ್ಮ ನಿದ್ದೆಗಾಗಿ ಜಾಗ ಖಾಲಿ ಮಾಡುತ್ತಾರಾ?

ಈಗ ಬೆಲ್ ನೋಡಿದ್ದು ಏನು ಎಂದು ಹೇಳುತ್ತೇನೆ. ನನಗೆ ಗಲಾಟೆಗಿಂತ ದೊಡ್ಡ ತೊಂದರೆ ನಮ್ಮ ಕಾಂಪೌಂಡ್ ಗೋಡೆಗೆ ಮೂತ್ರ ಮಾಡುವುದು. ಕ್ಷಮಿಸಿ, ಬೇರೆ ಹೇಗೆ ಹೇಳುವುದು ಗೊತ್ತಿಲ್ಲ. ಅಮ್ಮ "ದೇವರ ಟೈಲ್ಸ್ ಅಂಟಿಸು" ಎಂದರು. ಗಣಪತಿ, ಏಸು, ಮೆಕ್ಕಾ ಮೂರನ್ನೂ ಸಾಲಾಗಿ ಅಂಟಿಸಿದ ಗೋಡೆಗಳು ಊರಲ್ಲಿ ಎಷ್ಟಿಲ್ಲ. ನನಗೆ ಮನಸ್ಸಾಗಲಿಲ್ಲ. ದೇವರನ್ನು ವಾಚ್‌ಮನ್ ಮಾಡುವುದು ಯಾಕೋ ಸರಿ ಕಾಣುವುದಿಲ್ಲ.

ಎರಡು ಮೂರು ಸಲ ಬಾರಿನ ಮ್ಯಾನೇಜರ್ ಹತ್ತಿರ ಮಾತಾಡಿದ್ದೆ. ಒಳ್ಳೆಯ ಮನುಷ್ಯ. "ಸರ್, ನಮ್ಮದು ಹನ್ನೊಂದೂವರೆಗೆ ಶಟರ್ ಡೌನ್. ಹೊರಗೆ ಹೋದ ಮೇಲೆ ಅವರು ನಮ್ಮ ಗಿರಾಕಿ ಅಲ್ಲ ಮಾರಾಯ್ರೆ" ಎನ್ನುತ್ತಿದ್ದರು. ಕಾನೂನು ಪ್ರಕಾರ ಅವರ ಮಾತು ತಪ್ಪಲ್ಲ. ಸನ್ನದಿನಲ್ಲಿ ಬಾಗಿಲು ಮುಚ್ಚುವ ಗಂಟೆ ಉಂಟು. ಮುಚ್ಚಿದ ಮೇಲಿನ ಅರ್ಧ ಗಂಟೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಒಂದು ದಿನ ಸುಮ್ನೆ ಕೂತು ಆ್ಯಪ್ ಒಳಗಿನ ಪಟ್ಟಿ ನೋಡಿದೆ. ಹಲ್ಲಿ, ಬೆಕ್ಕು, ತೆಂಗಿನ ಗರಿ ಬಿಟ್ಟು ಮನುಷ್ಯರದ್ದು ಮಾತ್ರ ಒಂದು ಕಾಗದದಲ್ಲಿ ಬರೆದೆ. ಹತ್ತು ಗಂಟೆಗೆ ಯಾರೂ ಇಲ್ಲ. ಹತ್ತೂವರೆಗೂ ಇಲ್ಲ. ಹನ್ನೊಂದು ಕಾಲರಿಂದ ಸಾಲುಸಾಲು. ವಾರದ ಏಳೂ ದಿನ ಹಾಗೇ. ಕುಡಿಯುವವರು ಸಂಜೆ ಏಳರಿಂದ ಬರುತ್ತಾರೆ, ಹಾಗಾದರೆ ಮೊದಲು ಹೋದವರು ನಮ್ಮ ಗೋಡೆಗೆ ಯಾಕೆ ಬರುವುದಿಲ್ಲ?

ಕಾಗದ ಹಿಡಿದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. ಅವರು ಸಪ್ಲೈಯರ್ ಒಬ್ಬನನ್ನು ಕರೆದು ಕೇಳಿದರು. ವಿಷಯ ಇಷ್ಟೇ. ಕ್ಲೀನಿಂಗ್ ಹುಡುಗನಿಗೆ ದೂರದ ರೂಮಿಗೆ ಹೋಗಬೇಕು. ಅದಕ್ಕೆ ಹನ್ನೊಂದಕ್ಕೇ ಟಾಯ್ಲೆಟ್ ತೊಳೆದು ಬೀಗ ಹಾಕುತ್ತಿದ್ದ. ಕೊನೆಯ ಅರ್ಧ ಗಂಟೆಯ ಗಿರಾಕಿಗಳಿಗೆ ನಮ್ಮ ಗೋಡೆಯೇ ಗತಿ! ಮ್ಯಾನೇಜರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಈಗ ಟಾಯ್ಲೆಟ್ ಕೊನೆಯವರೆಗೆ ತೆರೆದಿರುತ್ತದೆ, ಓಣಿಗೆ ಅವರೇ ಒಂದು ಬಲ್ಬ್ ಹಾಕಿಸಿದ್ದಾರೆ. ನಮ್ಮ ಗೋಡೆ ಮುಕ್ಕಾಲು ಪಾಲು ಒಣಗಿದೆ.

ಗಲಾಟೆ ಮಾತ್ರ ಪೂರ್ತಿ ನಿಂತಿಲ್ಲ. ಅದಕ್ಕೆ ಕಾರಣ ಬಾರ್ ಅಲ್ಲ, ಬಸ್ ಎಂದು ನನಗೆ ಅನಿಸುತ್ತದೆ. ಒಂಬತ್ತು ಗಂಟೆ ಕಳೆದರೆ ಮಂಗಳೂರಿನಲ್ಲಿ ಸಿಟಿ ಬಸ್ ಸಿಗುವುದೇ ಕಷ್ಟ. ಹನ್ನೊಂದೂವರೆಗೆ ಹೊರಗೆ ಬಂದವನು ಏನು ಮಾಡಬೇಕು? ಒಬ್ಬ ಆಟೋದವನ ಹತ್ತಿರ ಚೌಕಾಶಿ ಮಾಡುತ್ತಾನೆ, ಇನ್ನೊಬ್ಬ ಗೆಳೆಯನಿಗೆ ಫೋನ್ ಮಾಡಿ ಕಾಯುತ್ತಾನೆ, ಮೂರನೆಯವನು ಧೈರ್ಯ ಮಾಡಿ ಬೈಕ್ ಒದೆಯುತ್ತಾನೆ. ನಾನು ಬೆಲ್ಲಿನಲ್ಲಿ ಕೇಳಿಸಿಕೊಂಡ ಗಲಾಟೆಯಲ್ಲಿ ಜಾಸ್ತಿ ಪಾಲು ಆಟೋ ಬಾಡಿಗೆಯದ್ದು, ಜಗಳದ್ದಲ್ಲ. ಒಂದು ಗಂಟೆಯವರೆಗೆ ಮಾಡುವುದಾದರೆ ಮೊದಲು ಹನ್ನೆರಡು ಗಂಟೆಗೊಂದು ಬಸ್ ಬಿಡಲಿ. ಯಕ್ಷಗಾನ ನೋಡಲು ರಾತ್ರಿಯಿಡೀ ಎದ್ದು ಕೂತವರ ಊರು ನಮ್ಮದು, ರಾತ್ರಿ ಎಚ್ಚರ ಇರುವುದು ಹೊಸತಲ್ಲ. ಬೆಳಕು ಹರಿಯುವವರೆಗೆ ಆಟ ಇದ್ದಾಗ ಬೆಳಗಿನ ಮೊದಲ ಬಸ್ ಸಿಗುತ್ತಿತ್ತು, ಅಷ್ಟೇ ವ್ಯತ್ಯಾಸ.

ನಿಮಗೆ ಹೇಳುವುದಾದರೆ, ದೂರು ಕೊಡುವ ಮೊದಲು ಒಂದು ವಾರ ಗಂಟೆ ಬರೆದಿಡಿ. ಹನ್ನೊಂದೂವರೆ ಕಳೆದ ಮೇಲೂ ಒಳಗೆ ಸಪ್ಲೈ ಆಗುತ್ತಿದ್ದರೆ ಉಡುಪಿಯಲ್ಲೇ ಅಬಕಾರಿ ಉಪ ಆಯುಕ್ತರ ಕಚೇರಿ ಉಂಟು, ಬರವಣಿಗೆಯಲ್ಲಿ ಕೊಡಿ. ಜೂನ್ 30ರ ಮೊದಲು ಕೊಟ್ಟರೆ ಒಳ್ಳೆಯದು, ಸನ್ನದು ನವೀಕರಣದ ಹೊತ್ತಿಗೆ ಎಲ್ಲರೂ ಸ್ವಲ್ಪ ಮೆತ್ತಗಿರುತ್ತಾರೆ. ಹೊಡೆದಾಟ ಆದರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಹತ್ತು ಗಂಟೆಯ ನಂತರ ಹೊರಗೆ ಧ್ವನಿವರ್ಧಕ ಹಾಕಿದರೂ ಅದೇ ನಂಬರ್.

ಬೆಲ್ ತೆಗೆದುಕೊಳ್ಳುವುದಾದರೆ ಪಿಐಆರ್ ಇರುವುದನ್ನೇ ನೋಡಿ. ತಿಂಗಳ ಬಾಡಿಗೆ ಕಟ್ಟದೆ ಮೆಮೊರಿ ಕಾರ್ಡಿನಲ್ಲಿ ರೆಕಾರ್ಡ್ ಆಗುತ್ತದಾ ಎಂದು ಅಂಗಡಿಯಲ್ಲೇ ಕೇಳಿ. ಕ್ಯಾಮೆರಾ ನಿಮ್ಮ ಗೇಟನ್ನು ನೋಡಲಿ, ಎದುರು ಮನೆಯ ಕಿಟಕಿಯನ್ನಲ್ಲ. ಮಾಡಿನ ಅಡಿಗೆ, ಮಳೆ ಎರಚಲು ಬೀಳದ ಕಡೆ ಹಾಕಿಸಿ. ಈಗಲೇ ಅವಸರ ಮಾಡಬೇಡಿ, ಮಳೆಗಾಲ ಹತ್ತಿರ ಇದ್ದರೆ ಮಳೆಹುಳು ಹೋಗುವವರೆಗೆ ಹಳೆ ಬೆಲ್ಲೇ ಇರಲಿ.