ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದೇನೆ, ಬಿಸಿನೆಸ್ ಅನಲಿಸ್ಟ್ ಆಗಬಹುದಾ?

ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದೇನೆ ಅಂದಿದ್ದೀರಿ. ಬಿಸಿನೆಸ್ ಅನಲಿಸ್ಟ್ ಆಗಲು ಕೋಡಿಂಗ್ ಬರಲೇಬೇಕಾ, ಇಂಗ್ಲಿಷ್ ಎಷ್ಟು ಬೇಕು, ಅವರು ದಿನಾ ಮಾಡುವ ಕೆಲಸ ಏನು ಅಂತ ಕೇಳಿದ್ದೀರಿ. ನಾನೂ ಇದೇ ಊರಿನವಳು. ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೊದಲು ಬೆಂಗಳೂರಿನಲ್ಲಿದ್ದೆ, ಈಗ ಇಲ್ಲಿಯ ಮನೆಯಿಂದಲೇ ಮಾಡುತ್ತೇನೆ. ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ.

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಅದು ನಿಮಗೆ ತಕ್ಷಣ ಅರ್ಥವಾಗುತ್ತದೆ. ನಮ್ಮ ಕಂಪನಿ ಒಂದು ದಾಲ್ ಮಿಲ್‌ಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಮಾಲೀಕರು, "ದಿನಾ ಸಂಜೆ ನನಗೆ ಸ್ಟಾಕ್ ರಿಪೋರ್ಟ್ ಬೇಕು" ಅಂದರು. ಬರೆದುಕೊಂಡೆ. ಬಂದ ತೊಗರಿಯಲ್ಲಿ ಅರೆದದ್ದು ಕಳೆದರೆ ಗೋದಾಮಿನಲ್ಲಿ ಇರುವುದು, ಅಷ್ಟೇ ಅಲ್ವಾ ಅಂದುಕೊಂಡೆ. ಡೆವಲಪರ್‌ಗಳು ನಾನು ಬರೆದ ಹಾಗೆಯೇ ಮಾಡಿದರು. ಆದರೆ ಗೋದಾಮಿನಲ್ಲಿ ಚೀಲ ಎಣಿಸಿದರೆ ದಿನಾ ಕಡಿಮೆ. ಮಾಲೀಕರಿಗೆ ಅನುಮಾನ ಬಂದದ್ದು ಸಾಫ್ಟ್‌ವೇರ್ ಮೇಲೆ ಅಲ್ಲ, ಎಷ್ಟೋ ವರ್ಷದಿಂದ ಅಲ್ಲಿ ಲೆಕ್ಕ ನೋಡುತ್ತಿದ್ದ ಮುನೀಮರ ಮೇಲೆ.

ಆಗ ಹೋಗಿ ಎರಡು ದಿನ ಮಿಲ್‌ನಲ್ಲೇ ಕೂತೆ. ಮೊದಲ ದಿನವೇ ಒಬ್ಬ ಹಮಾಲರು ಹೇಳಿಬಿಟ್ಟರು: "ಮೇಡಂ, ಆ ಮಾಲು ಅಂಗಳದಾಗ ಒಣಗಲತ್ತದ ನೋಡ್ರಿ." ತೊಗರಿ ಗೋದಾಮಿನಿಂದ ನೇರ ಬೇಳೆಯಾಗಿ ಹೊರಗೆ ಬರುವುದಿಲ್ಲ, ನಿಮಗೇ ಗೊತ್ತು. ರೋಲರ್‌ನಲ್ಲಿ ಸಿಪ್ಪೆಗೆ ಗೀರು ಹಾಕಬೇಕು. ಎಣ್ಣೆ ಸವರಬೇಕು. ಬಿಸಿಲಿಗೆ ಹರಡಿ ಕೆಲವು ದಿನ ಒಣಗಿಸಬೇಕು. ನೀರು ಚಿಮುಕಿಸಿ ರಾತ್ರಿಯಿಡೀ ರಾಶಿ ಹಾಕಬೇಕು. ಆಮೇಲೆ ಅರೆಯುವುದು. ಆ ದಿನಗಳಲ್ಲಿ ಮಾಲು ಗೋದಾಮಿನಲ್ಲೂ ಇಲ್ಲ, ಅರೆದ ಲೆಕ್ಕದಲ್ಲೂ ಇಲ್ಲ. ನಾನು ಬರೆದ ಕಾಗದದಲ್ಲಿ ಅಂಗಳ ಅನ್ನುವ ಜಾಗವೇ ಇರಲಿಲ್ಲ. ಒಬ್ಬ ಹಿರಿಯರ ಮೇಲೆ ಕಳ್ಳತನದ ಅನುಮಾನ ಬರಲು ನಾನು ಕೇಳದೇ ಬಿಟ್ಟ ಒಂದು ಪ್ರಶ್ನೆ ಸಾಕಾಯಿತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಬಿಸಿನೆಸ್ ಅನಲಿಸ್ಟ್ ಮಾಡುವ ಕೆಲಸ ಇದೇ. ಜನ ಏನು ಕೇಳುತ್ತಾರೆ ಅಂತ ಬರೆದುಕೊಳ್ಳುವುದು ಸುಲಭ. ಅವರಿಗೆ ತೀರಾ ರೂಢಿಯಾಗಿ ಹೋಗಿ, ಹೇಳಬೇಕು ಅಂತಲೇ ಅನ್ನಿಸದ ಸಂಗತಿಗಳು ಇರುತ್ತವಲ್ಲ, ಅವನ್ನು ಹುಡುಕಿ ತೆಗೆಯುವುದು ಕಷ್ಟ. ಆಫೀಸಿನ ಮೀಟಿಂಗ್‌ನಲ್ಲಿ ಅವು ಸಿಗುವುದಿಲ್ಲ. ಕೆಲಸ ನಡೆಯುವ ಜಾಗಕ್ಕೇ ಹೋಗಿ ನಿಲ್ಲಬೇಕು. ಆದರೆ ಡಿಸೆಂಬರ್ ಕೊನೆಯಿಂದ ಹೊಸ ತೊಗರಿ ಬರುವ ಹೊತ್ತಿನಲ್ಲಿ ಹೋಗಬೇಡಿ. ಆಗ ಯಾರಿಗೂ ಮಾತಾಡಲು ಪುರುಸೊತ್ತು ಇರುವುದಿಲ್ಲ. ಸುಮ್ನೆ ನಿಂತು ನೋಡುವುದಾದರೆ ಮಾತ್ರ ಅದೇ ಒಳ್ಳೆಯ ಹೊತ್ತು.

ಇನ್ನೊಂದು ಸಂಗತಿ ಮಾತಿನದು. "ಮಾಲು ಬಂತು" ಅಂದರೆ ಗೇಟಿನವರಿಗೆ ಲಾರಿ ಬಂದು ನಿಂತಿತು ಅಂತ. ಮಿಲ್ ಮೇಲ್ವಿಚಾರಕರಿಗೆ ಹಸಿ ಎಷ್ಟಿದೆ ನೋಡಿ, ಇಳಿಸಿ ಆಯಿತು ಅಂತ. ಮುನೀಮರಿಗೆ ಬಿಲ್ ಪುಸ್ತಕಕ್ಕೆ ಏರಿತು ಅಂತ. ಮೂವರೂ ಹೇಳುವುದು ನಿಜ, ಆದರೆ ಮೂವರ ತಾರೀಖೂ ಬೇರೆ. ಚೀಲದ ಕಥೆಯೂ ಹಾಗೆಯೇ. ರೈತರು ತಂದ ಚೀಲದ ತೂಕವೇ ಬೇರೆ, ಮಿಲ್‌ನವರು ಬೇಳೆ ತುಂಬುವ ಚೀಲದ ತೂಕವೇ ಬೇರೆ. ಅದಕ್ಕೇ ಈಗ ಯಾವ ಕೆಲಸ ಹಿಡಿದರೂ ಮೊದಲ ವಾರ ಒಂದು ಪದಪಟ್ಟಿ ಮಾಡುತ್ತೇನೆ. ಯಾವ ಮಾತನ್ನು ಯಾರು ಯಾವ ಅರ್ಥದಲ್ಲಿ ಆಡುತ್ತಾರೆ ಅಂತ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಊರಿನ ಹೆಸರಿಗೆ ಸಿಗುವ ಜಿಐ ಗುರುತು) ಸಿಕ್ಕಿತಲ್ಲ, ಆ ಹೆಸರಿನಲ್ಲಿ ಮಾರಬೇಕು ಅಂದರೆ ಯಾವ ಲಾಟ್ ಎಲ್ಲಿಂದ ಬಂತು ಅನ್ನುವುದು ಗೊತ್ತಿರಬೇಕು. ಆದರೆ "ಲಾಟ್" ಅಂದರೆ ಒಂದು ಲಾರಿಯಾ, ಒಬ್ಬ ರೈತರ ಮಾಲಾ, ಒಂದು ದಿನ ಅರೆದದ್ದಾ? ಇದು ತೀರ್ಮಾನವಾಗದೆ ಒಂದು ಸಾಲೂ ಕೋಡ್ ಬರೆಸಬಾರದು.

ಪ್ರಶ್ನೆ ಕೇಳುವ ರೀತಿಯನ್ನೂ ಕಲಿಯಬೇಕು. ಈ ಕೆಲಸ ಕಲಿಸುವವರೆಲ್ಲ "ಯಾಕೆ" ಅಂತ ಮತ್ತೆ ಮತ್ತೆ ಕೇಳಿ ಅನ್ನುತ್ತಾರೆ. ನಮ್ಮ ಕಡೆ ವಯಸ್ಸಾದವರ ಮುಂದೆ ನಿಂತು ನಾಲ್ಕು ಸಲ "ಯಾಕ್ರಿ?" ಅಂದರೆ ಅವರ ಕೆಲಸವನ್ನೇ ತಪ್ಪು ಅಂದ ಹಾಗಾಗುತ್ತದೆ. ನಾನು ಬೇರೆ ಥರ ಕೇಳುತ್ತೇನೆ: "ಈ ರಿಪೋರ್ಟ್ ಕೈಗೆ ಬಂದ ಮೇಲೆ ನೀವು ಏನು ಮಾಡ್ತೀರಿ?" ಆ ಮಾಲೀಕರಿಗೆ ಇದನ್ನು ತಡವಾಗಿ ಕೇಳಿದೆ. ಅವರು, "ನಾಳೆ ಎಷ್ಟು ತೊಗರಿ ಖರೀದಿ ಮಾಡಬೇಕು ಅಂತ ರಾತ್ರಿಯೇ ತಿಳೀಬೇಕು" ಅಂದರು. ಅವರಿಗೆ ಬೇಕಾಗಿದ್ದದ್ದು ಸ್ಟಾಕ್ ಅಲ್ಲ, ನಾಳೆ ಅರೆಯಲು ತಯಾರಾಗಿರುವ ಮಾಲು.

ಆಮೇಲೆ ಅದನ್ನು ಬರೆದದ್ದು ಹೀಗೆ: "ಮಾಲೀಕರಿಗೆ ಅಂಗಳದ ಮಾಲು ಬೇರೆಯಾಗಿ ಕಾಣಬೇಕು, ಯಾಕೆಂದರೆ ನಾಳೆಯ ಖರೀದಿ ಅದರ ಮೇಲೆ ನಿಂತಿದೆ." ಇದನ್ನು ಯೂಸರ್ ಸ್ಟೋರಿ ಅನ್ನುತ್ತಾರೆ. ಅದರ ಕೆಳಗೆ ಪರೀಕ್ಷೆಯ ಮಾತು: "80 ಚೀಲ ಅಂಗಳಕ್ಕೆ ಹೋದರೆ ಗೋದಾಮಿನ ಲೆಕ್ಕದಲ್ಲಿ 80 ಕಡಿಮೆಯಾಗಬೇಕು, ಅರೆದ ಲೆಕ್ಕಕ್ಕೆ ಸೇರಬಾರದು." ಇದು ಅಕ್ಸೆಪ್ಟೆನ್ಸ್ ಕ್ರೈಟೀರಿಯಾ. ಹೆಸರು ದೊಡ್ಡದು, ಕೆಲಸ ಇಷ್ಟೇ. ಕೊನೆಗೆ ಸಾಫ್ಟ್‌ವೇರ್ ಒಪ್ಪಿಸುವಾಗ ಸುಳ್ಳು ಹೆಸರು, ಸುಳ್ಳು ಅಂಕಿ ಹಾಕಿ ತೋರಿಸಬೇಡಿ. ನಿನ್ನೆಯ ನಿಜವಾದ ಬಿಲ್ಲುಗಳನ್ನು ಮುನೀಮರ ಕೈಯಲ್ಲೇ ಹಾಕಿಸಿ. ತಪ್ಪುಗಳೆಲ್ಲ ಅಲ್ಲೇ ಸಿಗುತ್ತವೆ.

ಈಗ ನಿಮ್ಮ ಉಳಿದ ಎರಡು ಪ್ರಶ್ನೆ. ಕೋಡಿಂಗ್ ಬೇಕಿಲ್ಲ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ (ಅಂಕಿಗಳನ್ನು ಗುಂಪು ಮಾಡಿ ಒಟ್ಟು ತೋರಿಸುವ ಪಟ್ಟಿ), ಡೇಟಾಬೇಸ್‌ನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಸೆಲೆಕ್ಟ್, ಜಾಯಿನ್, ಗ್ರೂಪ್ ಬೈ ಚೆನ್ನಾಗಿ ಬರಲಿ. ಬೇರೆಯವರನ್ನು ಕಾಯದೆ ಅಂಕಿಗಳನ್ನು ನೀವೇ ತೆಗೆದು ನೋಡಲು ಇವು ಬೇಕೇ ಬೇಕು. ಇಂಗ್ಲಿಷ್ ಬರೆಯಲು ಬರಬೇಕು, ಆದರೆ ಚಂದದ ಇಂಗ್ಲಿಷ್ ಬೇಡ. ಪ್ರತಿ ಮೀಟಿಂಗ್ ಆದ ಮೇಲೆ ಏನು ತೀರ್ಮಾನವಾಯಿತು, ಯಾರು ಮಾಡುತ್ತಾರೆ, ಯಾವತ್ತಿಗೆ ಅಂತ ಮೂರು ಸಾಲು ಬರೆದು ಎಲ್ಲರಿಗೂ ಕಳಿಸಿ. ನಾನು ಬೆಂಗಳೂರಿಗೆ ಹೋದ ಹೊಸದರಲ್ಲಿ ಮೀಟಿಂಗ್‌ನಲ್ಲಿ ಬಾಯಿ ಬಿಡಲು ಹೆದರುತ್ತಿದ್ದೆ. ಈ ಮೂರು ಸಾಲಿನಿಂದಲೇ ಜನ ನನ್ನನ್ನು ನಂಬಲು ಶುರು ಮಾಡಿದರು.

ಸರ್ಟಿಫಿಕೇಟ್‌ಗೆ ಈಗಲೇ ಜಾಸ್ತಿ ದುಡ್ಡು ಸುರಿಯಬೇಡಿ. ಬಿಸಿನೆಸ್ ಅನಲಿಸ್ಟ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಐಬಿಎ ಕೊಡುವ ಇಸಿಬಿಎ ಸರ್ಟಿಫಿಕೇಟ್ ಹೊಸಬರಿಗಾಗಿಯೇ ಇದೆ, ಅನುಭವ ಕೇಳುವುದಿಲ್ಲ. ಬೇಕಾದರೆ ಮುಂದೆ ಮಾಡಿ. ಅದಕ್ಕೂ ಮೊದಲು ನಿಮ್ಮ ಮಿಲ್‌ನಲ್ಲೇ ಒಂದು ಚೀಲ ತೊಗರಿಯನ್ನು ಗೇಟಿನಿಂದ ಬೇಳೆ ಮಾರಾಟದವರೆಗೆ ಹಿಂಬಾಲಿಸಿ. ಯಾರು ಎಲ್ಲಿ ಬರೆದುಕೊಳ್ಳುತ್ತಾರೆ, ಎಲ್ಲಿ ಎರಡೆರಡು ಸಲ ಬರೆಯುತ್ತಾರೆ, ಎಲ್ಲಿ ಬರೆಯುವುದೇ ಇಲ್ಲ ಅಂತ ಒಂದು ಹಾಳೆಯಲ್ಲಿ ಚಿತ್ರ ಬಿಡಿಸಿ. ಪಾರ್ಟಿಗಳ (ಮಾಲು ಕೊಡುವವರ, ಕೊಳ್ಳುವವರ) ಹೆಸರು, ದರ ಮಾತ್ರ ಹಾಕಬೇಡಿ. ಅದು ಮಾಲೀಕರ ಗುಟ್ಟು. ಇಂಟರ್‌ವ್ಯೂಗೆ ಆ ಹಾಳೆ ಹಿಡಿದುಕೊಂಡು ಹೋಗಿ.

ಹೊಸಬರನ್ನು ನೇರವಾಗಿ ಬಿಸಿನೆಸ್ ಅನಲಿಸ್ಟ್ ಅಂತ ತೆಗೆದುಕೊಳ್ಳುವವರು ಕಡಿಮೆ. ಅಕೌಂಟಿಂಗ್ ಅಥವಾ ಖರೀದಿ, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಇಆರ್‌ಪಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ಸಪೋರ್ಟ್, ಇಂಪ್ಲಿಮೆಂಟೇಶನ್ (ಗಿರಾಕಿಗಳಲ್ಲಿ ಸಾಫ್ಟ್‌ವೇರ್ ಅಳವಡಿಸುವ) ಕೆಲಸಕ್ಕೂ ಅರ್ಜಿ ಹಾಕಿ. ನಾನೂ ಸಪೋರ್ಟ್‌ನಿಂದಲೇ ಬಂದವಳು. ಅಲ್ಲಿ ಬರುವ ಪ್ರತಿ ಫೋನ್ ಕರೆಯ ದೂರನ್ನೂ ಬರೆದಿಡುತ್ತಿದ್ದೆ. ಆರು ತಿಂಗಳ ನಂತರ ಆ ನೋಟ್‌ಬುಕ್ ನೋಡಿಯೇ ನನ್ನ ಮ್ಯಾನೇಜರ್ ಈ ಕೆಲಸಕ್ಕೆ ಕರೆದುಕೊಂಡರು. ಹಾಳೆ ಬಿಡಿಸಿ ಆದ ಮೇಲೆ ಇಲ್ಲೇ ಬರೆಯಿರಿ, ಎಲ್ಲಿ ಗೊಂದಲ ಇದೆ ಅಂತ ನೋಡಿ ಹೇಳುತ್ತೇನೆ.