ಡಾಕ್ಟ್ರೇ, ಬ್ಲಾಕ್ ಕರಗುತ್ತಾ?

ಪ್ರಶ್ನೆ: ನಮ್ಮಪ್ಪನಿಗೆ 58 ವರ್ಷ, ಅಂಗಡಿ ಇಟ್ಟುಕೊಂಡಿದ್ದಾರೆ. ಹೋದ ವರ್ಷ ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಯಿತು. ಆಂಜಿಯೋಗ್ರಾಂ ಮಾಡಿಸಿದಾಗ ಒಂದು ನಾಳದಲ್ಲಿ 60 ಪರ್ಸೆಂಟ್ ಬ್ಲಾಕ್ ಇದೆ, ಸ್ಟೆಂಟ್ ಬೇಡ, ಮಾತ್ರೆ ಸಾಕು ಎಂದರು. ಈಗ ಕೊಲೆಸ್ಟ್ರಾಲ್ ನಾರ್ಮಲ್ ಬಂದಿದೆ ಅಂತ ಅಪ್ಪ ಮಾತ್ರೆ ಬಿಟ್ಟು, ವಾಟ್ಸಾಪಿನಲ್ಲಿ ಬಂದ ಬೆಳ್ಳುಳ್ಳಿ-ನಿಂಬೆಹಣ್ಣಿನ ಕಷಾಯ ಕುಡಿಯುತ್ತಿದ್ದಾರೆ. ಅದರಿಂದ ಬ್ಲಾಕ್ ಕರಗುತ್ತಾ? ಇಲ್ಲ, ಸ್ಟೆಂಟೇ ಹಾಕಿಸಿಬಿಟ್ಟರೆ ಒಳ್ಳೆಯದಲ್ವಾ?
ಓದುಗರು, ಅರಸೀಕೆರೆ

ಉತ್ತರ: ಮೊದಲು ಅಪ್ಪನ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಮಾತ್ರೆ ಬಿಟ್ಟಿದ್ದಾರೆ ಅಂತ ಹೇಳಿ, ಮತ್ತೆ ಶುರು ಮಾಡಿಸಿ. ಮಿಕ್ಕಿದ್ದು ಆಮೇಲೆ ಓದಿದರೂ ನಡೆಯುತ್ತದೆ.

ಕಷಾಯದಿಂದ ಬ್ಲಾಕ್ ಕರಗುವುದಿಲ್ಲ. ಬ್ಲಾಕ್ ಎಂದರೆ ಬಚ್ಚಲ ಪೈಪಿನಲ್ಲಿ ಕಟ್ಟಿಕೊಂಡ ಕಸ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ, ಅದಕ್ಕೇ ಏನಾದರೂ ಕುಡಿದರೆ ತೊಳೆದು ಹೋಗುತ್ತದೆ ಅನ್ನಿಸುತ್ತದೆ. ಆದರೆ ಅದು ಇರುವುದು ನಾಳದ ಗೋಡೆಯ ಒಳಗೆ. ನಾಳದ ಒಳಮೈಗೆ ಒಂದು ತೆಳು ಪದರ ಇರುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಆ ಪದರವನ್ನು ಕೆಡಿಸುತ್ತವೆ, ರಕ್ತದಲ್ಲಿರುವ ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಅದರ ಅಡಿಗೆ ನುಸುಳುತ್ತದೆ. ಅದನ್ನು ನುಂಗಲು ಬಿಳಿ ರಕ್ತಕಣಗಳು ಬರುತ್ತವೆ, ನುಂಗಿ ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ. ಅದರ ಮೇಲೆ ನಾರಿನಂಥ ಮುಚ್ಚಳ ಕಟ್ಟಿಕೊಳ್ಳುತ್ತದೆ, ವರ್ಷ ಕಳೆದ ಹಾಗೆ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತದೆ. ಈ ಕಾಯಿಲೆಗೆ ಅಥೆರೋಸ್ಕ್ಲೆರೋಸಿಸ್ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ಮೊದಲ ಅರ್ಧಕ್ಕೆ ಗಂಜಿ ಅಂತ ಅರ್ಥ, ಎರಡನೆಯದಕ್ಕೆ ಗಟ್ಟಿಯಾಗುವುದು ಅಂತ. ನಾನು ಓದುವಾಗ ಶವಪರೀಕ್ಷೆಯಲ್ಲಿ ವಯಸ್ಸಾದವರೊಬ್ಬರ ಮಹಾಧಮನಿಯನ್ನು ಉದ್ದಕ್ಕೆ ಸೀಳಿದರು. ಕತ್ತರಿ ಮೊಟ್ಟೆಯ ಚಿಪ್ಪಿನ ಮೇಲೆ ಆಡಿದ ಹಾಗೆ ಕರಕರ ಅಂದಿತು. ಪಕ್ಕದ ಒಂದು ಉಬ್ಬನ್ನು ಬೆರಳಿನಿಂದ ಒತ್ತಿದರೆ ಹಳದಿ ಗಂಜಿ ಹೊರಗೆ ಬಂತು. ಆ ಹೆಸರು ಯಾಕೆ ಇಟ್ಟರು ಅಂತ ಅವತ್ತು ಗೊತ್ತಾಯಿತು.

ಆ ಮುಚ್ಚಳದ ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ. ತೆಳುವಾದ ಮುಚ್ಚಳ ಒಡೆದರೆ ಒಳಗಿನ ಗಂಜಿಗೆ ರಕ್ತ ತಾಗಿ, ನಿಮಿಷಗಳಲ್ಲಿ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಬಿಡುತ್ತದೆ. ಅದೇ ಹಾರ್ಟ್ ಅಟ್ಯಾಕ್. ದೊಡ್ಡ ಬ್ಲಾಕೇ ಒಡೆಯಬೇಕು ಅಂತೇನಿಲ್ಲ, 30-40 ಪರ್ಸೆಂಟ್ ಇರುವಂಥದ್ದೂ ಒಡೆಯುತ್ತದೆ. ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ನಾಳದ ಒಂದು ಜಾಗವನ್ನು ಅಗಲ ಮಾಡುತ್ತದೆ, ಆದರೆ ಕಾಯಿಲೆ ನಾಳದ ಉದ್ದಕ್ಕೂ ಇರುತ್ತದಲ್ಲ. ಹಾರ್ಟ್ ಅಟ್ಯಾಕ್ ಆದಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮಪ್ಪನ ಹಾಗೆ ನಡೆದಾಗ ಮಾತ್ರ ಎದೆ ಹಿಡಿದು, ನಿಂತರೆ ಬಿಡುವವರಲ್ಲಿ, ಒಳ್ಳೆಯ ಮಾತ್ರೆಗಳ ಮೇಲೆ ಸ್ಟೆಂಟ್ ಹಾಕಿದ್ದರಿಂದ ಸಾವು ಕಡಿಮೆಯಾಗಲಿಲ್ಲ ಅಂತ 2007ರ ಕರೇಜ್ ಮತ್ತು 2020ರ ಇಸ್ಕೀಮಿಯಾ ಎಂಬ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು. ನೋವು ಕಡಿಮೆಯಾಯಿತು, ಅದು ನಿಜ. ಎಡಗಡೆಯ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದರೆ ಲೆಕ್ಕ ಬೇರೆ. ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ.

ಕೊಲೆಸ್ಟ್ರಾಲ್ ನಾರ್ಮಲ್ ಬಂದಿರುವುದು ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಸ್ಟ್ಯಾಟಿನ್ ಮಾತ್ರೆ ಎಲ್‌ಡಿಎಲ್ ಇಳಿಸುವುದಷ್ಟೇ ಅಲ್ಲ, ಆ ಮುಚ್ಚಳವನ್ನು ಗಟ್ಟಿ ಮಾಡುತ್ತದೆ, ಬ್ಲಾಕನ್ನು ಸ್ವಲ್ಪ ಕುಗ್ಗಿಸಲೂಬಹುದು. ಲ್ಯಾಬ್ ಚೀಟಿಯಲ್ಲಿ ‘ನಾರ್ಮಲ್’ ಅಂತ ಇರುವುದು ಆರೋಗ್ಯವಂತರಿಗೆ. ಬ್ಲಾಕ್ ಇರುವವರ ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಸಾಧ್ಯವಾದರೆ 55ಕ್ಕಿಂತಲೂ ಕೆಳಗೆ ಇರಬೇಕು. ಮೈಕೈ ನೋವು ಬಂದರೆ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ಹೇಳಿದರೆ ಡೋಸ್ ಅಥವಾ ಮಾತ್ರೆ ಬದಲಾಯಿಸುತ್ತಾರೆ. ಬೆಳ್ಳುಳ್ಳಿ ಸಾರಿಗೆ ಹಾಕಿಕೊಂಡು ಊಟ ಮಾಡಲಿ, ಬೇಡ ಅನ್ನುವುದಿಲ್ಲ.

ಇನ್ನೊಂದು ಮಾತು. ಎದೆನೋವು ಕೂತರೂ ಬಿಡದೆ, ಬೆವರು ಬಂದರೆ, ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಓಡಿ, ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ.

ಪ್ರಶ್ನೆ: ಅಮ್ಮನಿಗೆ 62, ಹತ್ತು ವರ್ಷದಿಂದ ಶುಗರ್ ಇದೆ, ಎಲೆಅಡಿಕೆ ಜತೆ ಹೊಗೆಸೊಪ್ಪು ಹಾಕುತ್ತಾರೆ. ದೇವಸ್ಥಾನಕ್ಕೆ ನಡೆಯುವಾಗ ಅರ್ಧ ದಾರಿಗೇ ಮೀನಖಂಡ ಹಿಡಿಯುತ್ತದೆ, ಎರಡು ನಿಮಿಷ ನಿಂತರೆ ಸರಿಹೋಗುತ್ತದೆ. ವಾತ ಅಂತ ಎಣ್ಣೆ ತಿಕ್ಕುತ್ತಿದ್ದೇವೆ.
ಓದುಗರು, ಸಾಗರ

ಉತ್ತರ: ನಡೆದರೆ ಹಿಡಿಯುವುದು, ನಿಂತರೆ ಬಿಡುವುದು, ಮತ್ತೆ ಅಷ್ಟೇ ದೂರಕ್ಕೆ ಹಿಡಿಯುವುದು. ಇದು ಕಾಲಿನ ರಕ್ತನಾಳದ ಬ್ಲಾಕ್ ಇರಬಹುದು. ಹೃದಯಕ್ಕೆ ಬರುವ ಕಾಯಿಲೆಯೇ ಕಾಲಿಗೂ ಬರುತ್ತದೆ. ಡಾಕ್ಟರು ಪಾದದ ನಾಡಿ ಮುಟ್ಟಿ ನೋಡಲಿ, ಕೈ ಬಿಪಿಯ ಜತೆ ಕಾಲಿನ ಬಿಪಿಯನ್ನೂ ಅಳೆಯಲಿ. ಕಾಲಿನದನ್ನು ಕೈಯದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಬ್ಲಾಕ್ ಇದೆ ಅಂತ. ಶುಗರ್ ಇರುವವರಲ್ಲಿ ನಾಳ ಗಟ್ಟಿಯಾಗಿ ಈ ಲೆಕ್ಕ ತಪ್ಪಾಗಿ ಜಾಸ್ತಿ ತೋರಿಸಬಹುದು, ಆಗ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕಾಗುತ್ತದೆ.

ಚಿಕಿತ್ಸೆಯಲ್ಲಿ ನಡಿಗೆಯೇ ದೊಡ್ಡದು ಅಂದರೆ ಅಮ್ಮ ನಂಬಲಿಕ್ಕಿಲ್ಲ. ಡಾಕ್ಟರು ಸರಿ ಅಂದ ಮೇಲೆ ನೋವು ಬರುವವರೆಗೆ ನಡೆಯಲಿ, ನಿಲ್ಲಲಿ, ನೋವು ಹೋದ ಮೇಲೆ ಮತ್ತೆ ನಡೆಯಲಿ. ಹೀಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನವಾದರೂ. ಮೂರು ತಿಂಗಳಲ್ಲಿ ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ. ಹೊಗೆಸೊಪ್ಪು ಬಿಡಲೇಬೇಕು. ದಿನಾ ರಾತ್ರಿ ಅವರ ಪಾದದ ಅಡಿ, ಬೆರಳ ಸಂದಿ ನೋಡಿ. ವಾಸಿಯಾಗದ ಗಾಯ, ಕಪ್ಪಾದ ಬೆರಳು, ಮಲಗಿದಾಗಲೂ ಕಾಲುನೋವು ಕಂಡರೆ ತಡ ಮಾಡಬೇಡಿ. ಆಗ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಮಾಡಿ ಕಾಲು ಉಳಿಸಬೇಕಾಗುತ್ತದೆ.

ಪ್ರಶ್ನೆ: ನನಗೆ 29. ಅಪ್ಪನಿಗೆ 48ಕ್ಕೇ ಅಟ್ಯಾಕ್ ಆಗಿತ್ತು. ನಾನು ಈಗಲೇ ಟೆಸ್ಟ್ ಮಾಡಿಸಬೇಕಾ?
ಓದುಗರು, ಬೆಂಗಳೂರು

ಉತ್ತರ: ಮಾಡಿಸಿ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯವನ್ನು ಪರೀಕ್ಷಿಸಿದ ವರದಿ 1953ರಲ್ಲಿ ಬಂತು. ಅವರ ಸರಾಸರಿ ವಯಸ್ಸು 22. ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ನಾಳದಲ್ಲಿ ಕಾಯಿಲೆ ಆಗಲೇ ಶುರುವಾಗಿತ್ತು. ನಿಮಗೆ ಲಿಪಿಡ್ ಪ್ರೊಫೈಲ್, ಶುಗರ್, ಬಿಪಿ ಸಾಕು, ಜತೆಗೆ ಒಮ್ಮೆ ಲಿಪೋಪ್ರೋಟೀನ್-ಎ. ಇದು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಒಂದು ಬಗೆಯ ಕಣ, ಇದರ ಮಟ್ಟ ಅಪ್ಪ-ಅಮ್ಮನಿಂದ ಬರುವಂಥದ್ದು, ಜೀವನದಲ್ಲಿ ಒಂದು ಸಲ ನೋಡಿದರೆ ಸಾಮಾನ್ಯವಾಗಿ ಸಾಕು. ನಿಮಗೆ ಅಣ್ಣ, ತಂಗಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.